ಒಂದು ಬಟ್ಟಲು ಕೆಸರು

ನಮ್ಮ ಬಾಡಿಗೆ ಮನೆಯ ಹಿತ್ತಲಗೋಡೆಯಾಚೆ ಒಂದು ಕೊಳವಿದೆಯೆಂದು ಈ ಅಂಕಣದಲ್ಲಿ ಹಿಂದೊಮ್ಮೆ ಹೇಳಿದ್ದೆವು. ಆಗ ಸೊಳ್ಳೆಯ ಪ್ರಸ್ತಾಪದಲ್ಲಿ ಹೇಳಿದ್ದು. ಕೊಳಕ್ಕೆ ಅದರಿಂದ ಅನ್ಯಾಯವಾಯಿತೆಂದು ಈಗ ತೋರುತ್ತಿದೆ.

ಚೆನ್ನೈಯ ಈ ದಕ್ಷಿಣದಂಚು ಕಡಲಿಗೆ ಹತ್ತಿರದ ಬಯಲು, ಹಲಗೆಯಂತೆ ಚಪ್ಪಟೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಸುರಿದ ಹಿಂಗಾರಿನ ನೀರು ತಗ್ಗು ಸಿಕ್ಕಲ್ಲೆಲ್ಲ ನಿಂತುಬಿಡುತ್ತದೆ. ನಮ್ಮೂರ ಕೆರೆಗಳಿಗಿರುವ ಏರಿ, ತೂಬು, ಕೋಡಿ ಒಂದೂ ಈ ಕೊಳಕ್ಕಿರಲಿಲ್ಲ. ನಡುವೆ ಸೊಂಟದುದ್ದ, ಅಂಚಿನಲ್ಲಿ ಪಾದ ಮುಳುಗುವಷ್ಟು ನೀರು. ಮೇ ತಿಂಗಳು ಬಂತೆಂದರೆ ಅದೂ ಇಲ್ಲ, ಬರೀ ಬಿರುಕುಬಿಟ್ಟ ಕೆಸರು.

ಮನೆಗೆ ಬಂದ ಹೊಸದರಲ್ಲಿ ಅಮ್ಮ ತುಮಕೂರಿನಿಂದ ಬಂದವರು ಮೂರು ದಿನ ಮಾತಿಲ್ಲದೆ ಕೂತಿದ್ದರು. ನೆರೆಯವರ ತಮಿಳು ಅವರಿಗೆ ಬಾರದು. ನಾಲ್ಕನೆಯ ದಿನ ಕೊಳದ ಕಡೆ ಹೋದವರು ಸೆರಗಿನ ತುಂಬ ಸೊಪ್ಪು ಕಟ್ಟಿಕೊಂಡು ಬಂದು, "ಏನೋ, ಇಲ್ಲಿ ಹೊನಗೊನೆ ಹಿಂಗೆ ಬಿದ್ದೈತೆ, ಒಬ್ಬರಾದರೂ ಹೇಳಬಾರದಾ?" ಎಂದು ನಮ್ಮನ್ನೇ ಗದರಿಸಿದರು. ಅಂದು ರಾತ್ರಿ ಬಸ್ಸಾರು. ಮರುದಿನ ಒಂದೆಲಗದ ಚಟ್ನಿ. ತಮಿಳರ ಪೊನ್ನಾಂಕಣ್ಣಿ ನಮ್ಮ ಹೊನಗೊನೆಯೇ, ಅವರ ವಲ್ಲಾರೈ ನಮ್ಮ ಒಂದೆಲಗವೇ ಎಂಬುದನ್ನು ಪಕ್ಕದ ಮನೆಯ ಅಜ್ಜಿಯೊಂದಿಗೆ ಕೈಸನ್ನೆಯಲ್ಲೇ ಇತ್ಯರ್ಥ ಮಾಡಿಕೊಂಡರು.

ಅಮ್ಮನ ಹಿಂದೆ ತಿರುಗಿ ನಾವೂ ನೋಡಲು ಕಲಿತೆವು. ಕೊಳದ ಗಿಡಗಳು ಸಿಕ್ಕಲ್ಲಿ ಬೆಳೆದವಲ್ಲ. ನೀರಿನ ಆಳಕ್ಕೆ ತಕ್ಕಂತೆ ಸುತ್ತುಸುತ್ತಾಗಿ ಕೂತಿವೆ. ನಟ್ಟನಡುವೆ ನೈದಿಲೆ. ನೀರೇರಿದಷ್ಟೂ ಅದರ ದಂಟು ಉದ್ದವಾಗುತ್ತದೆ. ನೀರಾರಿದಾಗ ಗೆಡ್ಡೆ ಕೆಸರಿನಲ್ಲಿ ಮಲಗಿರುತ್ತದೆ. ಅದರ ಬಳಿಯಲ್ಲೇ ಯುಟ್ರಿಕ್ಯುಲೇರಿಯ ಎಂಬ ಬೇರಿಲ್ಲದ ಸಸ್ಯ. ಸಾಸಿವೆಗಾತ್ರದ ಚೀಲಗಳನ್ನು ತೆರೆದು ನೀರುಹುಳುಗಳನ್ನು ಕಣ್ಣೆವೆ ಮುಚ್ಚುವುದರೊಳಗೆ ಒಳಗೆಳೆದುಕೊಳ್ಳುತ್ತದೆ. ಹೊರಗೆ ಮಾತ್ರ ಮುದ್ದಾದ ಹಳದಿ ಹೂವು. (ಇಂಥವರು ಕಛೇರಿಗಳಲ್ಲಿಯೂ ಉಂಟು.) ಆಮೇಲೆ ಜೊಂಡು, ಚಾಪೆ ಹೆಣೆಯುವ ಕೋರೈ ಹುಲ್ಲು. ಕೊನೆಯ ಸುತ್ತು, ಒದ್ದೆನೆಲದ್ದು, ಅಮ್ಮನದು: ಹೊನಗೊನೆ, ಒಂದೆಲಗ, ಗರುಗ, ತಮಿಳರು ಆರೈಕ್ಕೀರೈ ಎನ್ನುವ ನಾಲ್ಕೆಲೆಯ ಪುಟ್ಟ ಜರೀಗಿಡ.

ಬೇಸಗೆಯಲ್ಲಿ ಕೊಳ ಒಣಗುವುದು ಕೊಳದ ಸಾವೆಂದೇ ನಾವು ತಿಳಿದಿದ್ದೆವು. ಹಾಗಲ್ಲ. ಅಂಚಿನ ಎಷ್ಟೋ ಗಿಡಗಳ ಬೀಜ ನೀರಿನಡಿಯಲ್ಲಿ ಮೊಳೆಯುವುದೇ ಇಲ್ಲ. ನೀರು ಸರಿದು ಕೆಸರಿಗೆ ಬಿಸಿಲು ಗಾಳಿ ತಾಗಬೇಕು. ಅಲ್ಲಿಯವರೆಗೆ ವರ್ಷಗಟ್ಟಲೆ ಕಾಯುತ್ತವೆ. ಡಾರ್ವಿನ್ನನು 1859ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಇಂಥದೊಂದು ಪ್ರಯೋಗವನ್ನು ಹೇಳಿದ್ದಾನೆ. ಚಿಕ್ಕ ಕೊಳವೊಂದರ ಅಂಚಿನಿಂದ ಮೂರು ದೊಡ್ಡ ಚಮಚ ಕೆಸರು ತಂದು, ಆರು ತಿಂಗಳು ಓದುವ ಕೋಣೆಯಲ್ಲಿಟ್ಟು, ಮೊಳೆತ ಸಸಿಗಳನ್ನು ಕೀಳುತ್ತ ಎಣಿಸಿದನಂತೆ. ಒಟ್ಟು 537! ಕೆಸರೆಲ್ಲ ಒಂದು ಬಟ್ಟಲಿನಷ್ಟು.

ಓದಿದ ಮೇಲೆ ಸುಮ್ಮನಿರಲಾದೀತೆ? ನಾವೂ ಒಂದು ಬಟ್ಟಲು ಕೆಸರು ತಂದು ಅಡಿಗೆಮನೆಯ ಕಿಟಕಿಯಲ್ಲಿಟ್ಟೆವು. ಕಾಫಿಯ ಬಟ್ಟಲೆಂದು ನಮ್ಮಾಕೆ ರೇಗಿದ್ದರಿಂದ ಹಳೆಯ ಡಬ್ಬಿಗೆ ವರ್ಗಾವಣೆಯಾಯಿತು. ನಾವು ಎಣಿಸಿದ್ದು ನಲವತ್ತೊಂದರವರೆಗೆ. ಆಮೇಲೆ ಮಗಳು ಅದಕ್ಕೆ ಮಜ್ಜಿಗೆ ಹೊಯ್ದಳು.

ಇನ್ನು ಹೇಳಲೇಬೇಕಾದ ಸಂಗತಿಗೆ ಬರೋಣ. ಇಷ್ಟೆಲ್ಲ ಓದುವ ಮುಂಚೆ, ಕೊಳದಲ್ಲಿ ಕಳೆ ಬೆಳೆದು ಸೊಳ್ಳೆ ಹೆಚ್ಚಿದೆ, ಹೂಳೆತ್ತಿಸಿ ಚೊಕ್ಕಟ ಮಾಡಿಸಬೇಕೆಂದು ನಮ್ಮ ಬೀದಿಯವರೆಲ್ಲ ಕೂಡಿ ಒಂದು ಅರ್ಜಿ ಕೊಟ್ಟಿದ್ದೆವು. ಅರ್ಜಿ ಬರೆದವರು ನಾವೇ. ಗುಮಾಸ್ತರ ಕೈಬರಹವಲ್ಲವೆ, ಚೆನ್ನಾಗಿಯೇ ಬಂದಿತ್ತು. ಸರಕಾರದಲ್ಲಿ ಅರ್ಜಿಗಳ ಗತಿ ನಮಗೆ ಗೊತ್ತಿದ್ದರಿಂದ ಮರೆತೂಬಿಟ್ಟಿದ್ದೆವು. ಕಳೆದ ಮೇ ತಿಂಗಳಲ್ಲಿ ಯಂತ್ರಗಳು ಬಂದುವು. ಎರಡಾಳುದ್ದ ತೋಡಿ, ಕೆಸರನ್ನು ಲಾರಿಗಳಲ್ಲಿ ಸಾಗಿಸಿ, ಸುತ್ತ ನೆಟ್ಟಗೆ ಕಲ್ಲು ಕಟ್ಟಿ, ಮೇಲೆ ನಡೆದಾಡುವ ಹಾದಿ ಮಾಡಿ ದೀಪ ಹಾಕಿದರು. ನೋಡಲು ಲಕ್ಷಣವಾಗಿಯೇ ಇದೆ. ಆದರೆ ನೀರಿಗೆ ಅಂಚೇ ಇಲ್ಲ. ಕಲ್ಲು ಮುಗಿದಲ್ಲಿ ಆಳ. ಹಿಂಗಾರು ಕಳೆದು ಫೆಬ್ರವರಿ ಬಂದರೂ ಒಂದು ಎಲೆ ಏಳಲಿಲ್ಲ. ಸೊಳ್ಳೆಮರಿಗಳನ್ನು ತಿನ್ನುವ ಕೊಡತಿಹುಳುಗಳಿಗೆ ಹತ್ತಿ ಕೂರಲು ಜೊಂಡೂ ಇಲ್ಲ. ಸೊಳ್ಳೆ ಇದ್ದಷ್ಟೇ ಇದೆ.

ಹತ್ತಿರದ ಪಳ್ಳಿಕರಣೈ ಜೌಗಿನ ಒಂದು ಭಾಗ 2007ರಲ್ಲಿ ಮೀಸಲು ಅರಣ್ಯವಾಯಿತು. 2022ರಲ್ಲಿ ಅದಕ್ಕೆ ರಾಮ್ಸರ್ ಪಟ್ಟಿಯ ಮಾನ್ಯತೆಯೂ ದೊರೆಯಿತು. ನಮ್ಮ ಬೀದಿಯ ಕೊಳ ಯಾವ ಪಟ್ಟಿಯಲ್ಲಿಯೂ ಇರಲಿಲ್ಲ, ನಮ್ಮ ಅರ್ಜಿಯೊಂದರ ಹೊರತು.

ಅಮ್ಮ ಏನೂ ಅನ್ನಲಿಲ್ಲ. ಈಗ ತಳ್ಳುಗಾಡಿಯವನ ಹತ್ತಿರ ಸೊಪ್ಪು ಕೊಳ್ಳುತ್ತಾರೆ. ಮಜ್ಜಿಗೆ ಕುಡಿದ ಡಬ್ಬಿಯಲ್ಲಿ ಹೇಗೋ ಉಳಿದ ಎರಡು ಎಳೆ ಹೊನಗೊನೆಗೆ ದಿನವೂ ನೀರು ಹಾಕುತ್ತಾರೆ. ಅದನ್ನು ಮುಟ್ಟಲು ಯಾರಿಗೂ ಅಪ್ಪಣೆಯಿಲ್ಲ.

ಮೊನ್ನೆ ಭಾನುವಾರ ಇನ್ನೊಂದು ಅರ್ಜಿ ಬರೆದೆವು. ಬಡಗಣ ಮೂಲೆಯಲ್ಲಿ ಇಪ್ಪತ್ತು ಅಡಿ ಕಲ್ಲು ತೆಗೆಸಿ, ಮಣ್ಣು ತುಂಬಿ ದಡವನ್ನು ಇಳಿಜಾರು ಮಾಡಿಕೊಡಬೇಕೆಂದು ಬಿನ್ನಹ. ಹಿಂದಿನ ಅರ್ಜಿಗೆ ಅರವತ್ತೆರಡು ಸಹಿಗಳಿದ್ದುವು. ಇದಕ್ಕೆ ಈವರೆಗೆ ಮೂರು. ಅದರಲ್ಲಿ ಒಂದು ಪಕ್ಕದ ಮನೆಯ ಅಜ್ಜಿಯದು, ಇನ್ನೊಂದು ಕನ್ನಡದಲ್ಲಿದೆ.