ಬಂದರುಗಳು ತಾವಾಗಿ ಹಾಳಾಗುವುದಿಲ್ಲ

ಉತ್ತರ ಕನ್ನಡದ ಹಳೆಯ ಬಂದರುಗಳ ಕುರಿತು ಕನ್ನಡದಲ್ಲಿ ಬರುವ ಬರಹಗಳಿಗೆ ‘ಹಾಳಾಯಿತು’ ಎಂಬ ಕ್ರಿಯಾಪದದ ಮೇಲೆ ವಿಪರೀತ ಮೋಹ. ಕುಮಟೆಯ ವ್ಯಾಪಾರ ಹಾಳಾಯಿತು, ಕಾರವಾರದ ವೈಭವ ಅಳಿಯಿತು, ಕಾಲ ಬದಲಾಯಿತು. ಮಳೆ ಬಂತು, ಹೊಳೆ ತುಂಬಿತು ಎನ್ನುವಷ್ಟೇ ಸಲೀಸಾಗಿ ಒಂದು ಊರಿನ ಬದುಕು ಮುಗಿದುದನ್ನು ಹೇಳಿಬಿಡುತ್ತಾರೆ. ಈ ಅಕರ್ಮಕ ಕ್ರಿಯಾಪದವನ್ನು ನಾವು ಒಪ್ಪುವುದಿಲ್ಲ. ಬಂದರು ಹಾಳಾಗಲಿಲ್ಲ, ಅದನ್ನು ಕಟ್ಟಿದವರೇ ಕೈಬಿಟ್ಟರು. ಅವರಿಗೆ ಹೆಸರುಗಳಿವೆ, ಅವರ ತೀರ್ಮಾನಗಳಿಗೆ ಇಸವಿಗಳಿವೆ.

ಹತ್ತಿ ವ್ಯಾಪಾರದ ಪರಿಭಾಷೆಯಲ್ಲಿ ‘ಕುಮಟಾ’ ಎಂಬುದು ಒಂದು ಬಗೆಯ ಹತ್ತಿಯ ಹೆಸರು. ಕುಮಟೆಯ ಜಂಬಿಟ್ಟಿಗೆ ನೆಲವಾಗಲಿ ಅಲ್ಲಿನ ಮಳೆಯಾಗಲಿ ಹತ್ತಿಗೆ ಒಗ್ಗುವಂಥದಲ್ಲ. ಧಾರವಾಡ, ಹುಬ್ಬಳ್ಳಿ, ಗದಗಿನ ಎರೆಭೂಮಿಯಲ್ಲಿ ಬೆಳೆದ ಅರಳೆ ಎತ್ತಿನ ಗಾಡಿಗಳಲ್ಲಿ ಶಿರಸಿ ದಾಟಿ, ದೇವಿಮನೆ ಘಟ್ಟವಿಳಿದು, ಕುಮಟೆಯಲ್ಲಿ ಹಡಗೇರಿ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ ಹೋಗುತ್ತಿತ್ತು. ಸಾಗಿಸಿದ ಬಂದರಿನ ಹೆಸರು ಬೆಳೆಗೆ ಅಂಟಿಕೊಂಡಿತು. ಬೆಳೆದ ರೈತನ ಊರು, ಘಟ್ಟದಲ್ಲಿ ಗಾಡಿ ಇಳಿಸಿದವನ ಹೆಸರು ಯಾವ ವರ್ತಕನಿಗೂ ಬೇಕಿರಲಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ನಮ್ಮ ಕರಾವಳಿಯ ನಕಾಶೆಯೇ ಬದಲಾಯಿತು. ಧಾರವಾಡದ ಹತ್ತಿಹೊಲಗಳೂ ಅವಕ್ಕೆ ಹತ್ತಿರದ ಬಂದರೂ ಒಂದೇ ಆಡಳಿತದಡಿ ಇರಬೇಕೆಂಬುದು ಅಲ್ಲಿನ ವರ್ತಕರ ಹಟವಾಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ಹೊನ್ನಾವರದಲ್ಲಿದ್ದ ಜಿಲ್ಲಾಕೇಂದ್ರ ಕಾರವಾರಕ್ಕೆ ಬಂತು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಸದಾಶಿವಗಡದಲ್ಲಿ ಕಾಲೂರಿತು. 1864ರಲ್ಲಿ ದೇವಗಡ ದ್ವೀಪದ ಮೇಲೆ ದೀಪಸ್ತಂಭ ಎದ್ದಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಒಂದೇ ಕನ್ನಡ ಕರಾವಳಿಯ ಜನ 1956ರವರೆಗೆ ಎರಡು ಆಡಳಿತಗಳ ಕೆಳಗೆ, ಎರಡು ರಾಜಧಾನಿಗಳತ್ತ ಮುಖಮಾಡಿ ಬದುಕಬೇಕಾಯಿತು. ಏಕೀಕರಣದ ಇತಿಹಾಸ ಬರೆಯುವವರು ಈ ಸೀಳಿನ ಹಿಂದಿದ್ದ ಅರಳೆಯ ಅಂಡಿಗೆಯನ್ನು ಏಕೆ ಕಾಣುವುದಿಲ್ಲ?

1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಮ್ಯಾಂಚೆಸ್ಟರಿನ ಕಂಪನಿ ಆ ವೇಳೆಗಾಗಲೇ ಗಂಟುಮೂಟೆ ಕಟ್ಟಿತ್ತು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ಮಾತಾಗಿಯೇ ಉಳಿಯಿತು. ಇತ್ತ 1878ರಲ್ಲಿ ಬ್ರಿಟಿಷರು ಪೋರ್ಚುಗೀಸರೊಡನೆ ಒಪ್ಪಂದ ಮಾಡಿಕೊಂಡು ಗೋವೆಯ ಮರ್ಮಗೋವಾ ಬಂದರಿನತ್ತ ತಿರುಗಿದರು. 1888ರಲ್ಲಿ ಮರ್ಮಗೋವಾದ ಹಳಿ ಕ್ಯಾಸಲ್‌ರಾಕ್ ತಲುಪಿ ಬಯಲುಸೀಮೆಯ ರೈಲಿಗೆ ಕೂಡಿಕೊಂಡಿತು. ಘಟ್ಟ ಇಳಿಯುತ್ತಿದ್ದ ಹತ್ತಿಗಾಡಿಗಳಿಗೆ ಅಲ್ಲಿಗೆ ಕೆಲಸ ಮುಗಿಯಿತು. ಕುಮಟೆ–ಕಾರವಾರಗಳು ರೈಲಿನ ಶಿಳ್ಳೆ ಕೇಳಲು ಕೊಂಕಣ ರೈಲು ಬರುವ ತನಕ, ಅಂದರೆ ಮತ್ತೊಂದು ಶತಮಾನ ಕಾಯಬೇಕಾಯಿತು.

1883ರಲ್ಲಿ ತರುಣ ರವೀಂದ್ರನಾಥ ಠಾಕೂರರು ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತಂಗಿದ್ದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ರೂಪುಗೊಂಡದ್ದು ಅಲ್ಲಿ. ಕಡಲತೀರಕ್ಕೆ ಅವರ ಹೆಸರಿಟ್ಟು ಹೆಮ್ಮೆಪಡುವುದು ಸರಿಯೇ. ಆದರೆ ಅದೇ ಹೊತ್ತಿನಲ್ಲಿ, ಗೋವೆಯ ಗಡಿಯಾಚೆ, ಈ ಬಂದರಿನ ಕೊರಳಿಗೆ ಉರುಳಾಗಲಿದ್ದ ಹಳಿಯ ಕೆಲಸ ನಡೆದಿತ್ತು. ಕವಿ ಕಂಡ ಬೆಳದಿಂಗಳಿಗೆ ನಮ್ಮ ಪ್ರಬಂಧಗಳಲ್ಲಿ ಪುಟಗಟ್ಟಲೆ ಜಾಗವಿದೆ, ಹಳಿಗೆ ಒಂದು ಸಾಲೂ ಇಲ್ಲ.

ರೈಲು ಬಂದಾಗ ಎತ್ತಿನ ಗಾಡಿ ಸೋಲುವುದು ಸಹಜವಲ್ಲವೆ ಎಂದು ಕೇಳುವವರಿದ್ದಾರೆ. ರೈಲಿನಿಂದ ಬಯಲುಸೀಮೆಗೆ ಅನುಕೂಲವಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಳಿ ಯಾವ ಘಟ್ಟ ಇಳಿಯಬೇಕೆಂಬುದನ್ನು ನಿಸರ್ಗ ಗೊತ್ತುಮಾಡಲಿಲ್ಲ. ಗುಡ್ಡ, ದ್ವೀಪಗಳ ಆಸರೆಯಿದ್ದ ಕಾರವಾರ ಪಶ್ಚಿಮ ಕರಾವಳಿಯ ಉತ್ತಮ ಸ್ವಾಭಾವಿಕ ಬಂದರುಗಳಲ್ಲೊಂದು ಎಂಬುದು ಆಗಿನ ಆಡಳಿತಕ್ಕೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟದ್ದಕ್ಕೆ ‘ಕಾಲಮಹಿಮೆ’ ಎಂಬ ಹೆಸರು ಸಲ್ಲದು.

ಈ ವಾದ ಹಳೆಯ ಲೆಕ್ಕ ಕೆದಕುವುದಕ್ಕಾಗಿ ಅಲ್ಲ. ಇಂದು ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಹೊಸ ಖಾಸಗಿ ಬಂದರುಗಳ ಯೋಜನೆಗಳಿವೆ. ಮೀನುಗಾರರು ವಿರೋಧಿಸಿ ಬೀದಿಗಿಳಿದಿದ್ದಾರೆ. ‘ಕಳೆದುಹೋದ ವೈಭವ ಮರಳಲಿದೆ’ ಎಂಬ ಮಾತು ಆಗಲೇ ಕೇಳಿಬರುತ್ತಿದೆ. ಆ ವೈಭವ ಯಾರದಾಗಿತ್ತು, ಅದು ಹೋದಾಗ ಕೈ ಬರಿದಾದದ್ದು ಯಾರದು ಎಂದು ಬರೆದಿಡದ ಸಾಹಿತ್ಯ, ಅರಿವಿಲ್ಲದೆಯೇ ಈ ಮಾತಿಗೆ ಹಿಮ್ಮೇಳವಾಗುತ್ತದೆ. 1930ರಲ್ಲಿ ಉಪ್ಪು ಮಾಡಿ ಸಾಮ್ರಾಜ್ಯದ ಕಾನೂನು ಮುರಿದ ಅಂಕೋಲೆಯ ಜನರಿಗೆ ಈ ಕಡಲಂಚು ಯಾರದೆಂಬುದರಲ್ಲಿ ಸಂದೇಹವಿರಲಿಲ್ಲ.

ಆದುದರಿಂದ ಕರಾವಳಿಯ ಕುರಿತು ಬರೆಯುವ ಮಿತ್ರರಲ್ಲಿ ನಮ್ಮ ಆಗ್ರಹ ಇಷ್ಟೆ: ಪಾಚಿಗಟ್ಟಿದ ಗೋಡೆಯನ್ನು ವರ್ಣಿಸಿ, ಅಡ್ಡಿಯಿಲ್ಲ. ಆದರೆ ಅದನ್ನು ಕಟ್ಟಿಸಿದವರು ಯಾರು, ಬಿಟ್ಟುಹೋದವರು ಯಾರು, ಆಮೇಲೆ ಆ ಊರಿನಲ್ಲಿ ಹೇಗೋ ಬದುಕಿ ಉಳಿದವರು ಯಾರು ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ.