ಹಿಂದಿರುಗಿದ ಸರಕಿನ ಗತಿ

“ಒಮ್ಮೆ ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ” ಎಂಬ ಫಲಕವು ಒಂದು ಕಾಲಕ್ಕೆ ನಮ್ಮ ಪೇಟೆಯ ಅಂಗಡಿಗಳಲ್ಲಿ ಸಾಮಾನ್ಯವಾಗಿತ್ತು. ಆನ್‌ಲೈನ್ ವ್ಯಾಪಾರವು ಈ ಮಾತನ್ನು ತಲೆಕೆಳಗು ಮಾಡಿದೆ. ಕೊಂಡ ವಸ್ತುವು ಒಪ್ಪಿಗೆಯಾಗದಿದ್ದರೆ ಮೊಬೈಲಿನಲ್ಲಿ ತಿಳಿಸಿದರಾಯಿತು. ತರುಣನೊಬ್ಬನು ಬಾಗಿಲಿಗೆ ಬಂದು ಅದನ್ನು ಒಯ್ಯುತ್ತಾನೆ, ಕೊಟ್ಟ ಹಣವೂ ಮರಳುತ್ತದೆ. ಕೈಯಿಂದ ಮುಟ್ಟಿ ನೋಡದೆ, ಚಿತ್ರವನ್ನು ಮಾತ್ರ ನಂಬಿ ಕೊಳ್ಳುವವನಿಗೆ ಇಷ್ಟು ರಕ್ಷಣೆ ಇರತಕ್ಕದ್ದೇ ಸರಿ. ಆದರೆ ಹೀಗೆ ನಮ್ಮ ಹೊಸ್ತಿಲನ್ನು ದಾಟಿ ಹೋದ ವಸ್ತುವಿನ ಗತಿ ಮುಂದೇನು? ಈ ಪ್ರಶ್ನೆಯನ್ನು ಕೇಳುವವರು ನಮ್ಮಲ್ಲಿ ವಿರಳ.

ವಿದೇಶೀ ಬಂಡವಾಳವುಳ್ಳ ಆನ್‌ಲೈನ್ ಕಂಪನಿಗಳು ತಾವೇ ಸರಕಿನ ಒಡೆಯರಾಗಿ ನಮ್ಮ ದೇಶದ ಗ್ರಾಹಕರಿಗೆ ಮಾರಕೂಡದೆಂಬ ನಿಯಮವಿದೆ. 2019ರ ಫೆಬ್ರವರಿ 1ರಿಂದ ಅದು ಮತ್ತಷ್ಟು ಬಿಗಿಯಾಯಿತು. ಆದುದರಿಂದ ಅಲ್ಲಿ ನಾವು ಕೊಳ್ಳುವ ಸೀರೆ ಸೂರತ್ತಿನ ವರ್ತಕನದಾಗಿರಬಹುದು, ಬನಿಯನ್ನು ತಿರುಪ್ಪೂರಿನವನದಾಗಿರಬಹುದು. ನಾವು ಹಿಂದಿರುಗಿಸಿದ ವಸ್ತುವು ಭಿವಂಡಿಯಲ್ಲಿರುವಂತಹ ದೊಡ್ಡ ಉಗ್ರಾಣವನ್ನೋ ವರ್ತಕನ ಅಂಗಡಿಯನ್ನೋ ಸೇರುತ್ತದೆ. ಅಲ್ಲಿ ಅದರ ಪರೀಕ್ಷೆ ನಡೆಯುತ್ತದೆ. ಮುದ್ರೆ ಒಡೆಯದ ವಸ್ತು ನೇರವಾಗಿ ಮಾರಾಟಕ್ಕೆ ಹೋಗುತ್ತದೆ; ಬಿಚ್ಚಿದ್ದರೂ ಕೆಡದಿದ್ದುದನ್ನು ಮತ್ತೆ ಕಟ್ಟಿಡುತ್ತಾರೆ. ಕೆಟ್ಟ ಯಂತ್ರೋಪಕರಣವನ್ನು ದುರಸ್ತಿಗೊಳಿಸಿ, ‘ರಿಫರ್ಬಿಶ್ಡ್’ ಎಂಬ ಹೆಸರಿನಲ್ಲಿ ಕಡಮೆ ಬೆಲೆಗೆ ಮಾರುವುದುಂಟು. ಉಳಿದುದು ಮೂಟೆಗಟ್ಟಲೆ ಸಗಟು ಕೊಳ್ಳುವವರ ಪಾಲಾಗುತ್ತದೆ. ಯಾವುದಕ್ಕೂ ಒದಗದ್ದು ಕಸವಾಗುತ್ತದೆ. ಈ ಹೋಗಿಬರುವ ಸಾಗಣೆಯ ವೆಚ್ಚವನ್ನು ಕೊಡುವವರಾರು? ಬಹುಪಾಲು ವರ್ತಕನೇ ಹೊತ್ತು, ಅದನ್ನು ಬೆಲೆಯಲ್ಲಿ ಸೇರಿಸುತ್ತಾನೆ. ಉಚಿತವೆಂದು ನಾವು ಭಾವಿಸಿದ ಸೌಲಭ್ಯಕ್ಕೆ, ಏನನ್ನೂ ಹಿಂದಿರುಗಿಸದ ಗ್ರಾಹಕನೂ ಹಣ ತೆರುತ್ತಾನೆ.

ಅಗ್ಗದ ವಸ್ತುಗಳ ಕಥೆ ಇನ್ನೂ ಶೋಚನೀಯ. ಒಂದು ಅಂಗಿಯನ್ನು ಪರೀಕ್ಷಿಸಿ, ಇಸ್ತ್ರಿ ಮಾಡಿ, ಮತ್ತೆ ಕಟ್ಟುವ ಖರ್ಚು ಅದರಿಂದ ಬರುವ ಲಾಭಕ್ಕಿಂತ ಹೆಚ್ಚಾದರೆ, ಅದನ್ನು ನಾಶಮಾಡುವುದೇ ವ್ಯಾಪಾರಿಗೆ ಸುಲಭವೆನಿಸುತ್ತದೆ. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿರುವ ಅಮೆಜಾನ್ ಉಗ್ರಾಣದಲ್ಲಿ, ಮಾರಾಟವಾಗದ ಹಾಗೂ ಹಿಂದಿರುಗಿದ ಲಕ್ಷಕ್ಕೂ ಮಿಕ್ಕಿದ ವಸ್ತುಗಳಿಗೆ ಒಂದೇ ವಾರದಲ್ಲಿ ‘ನಾಶ’ದ ಗುರುತು ಬಿದ್ದಿತ್ತೆಂದು 2021ರಲ್ಲಿ ಬ್ರಿಟನ್ನಿನ ಐಟಿವಿ ವಾರ್ತಾಸಂಸ್ಥೆ ಬಯಲು ಮಾಡಿತು. ಬ್ರಿಟನ್ನಿನಲ್ಲಿ ತಾನು ಯಾವುದನ್ನೂ ಕಸದ ಗುಂಡಿಗೆ ಕಳುಹಿಸುವುದಿಲ್ಲವೆಂದು ಕಂಪನಿ ಉತ್ತರಿಸಿತು. ಫ್ರಾನ್ಸ್ ದೇಶವು 2020ರಲ್ಲಿ ಕಾಯಿದೆ ಮಾಡಿ, ಮಾರಾಟವಾಗದ ಸರಕಿನ ನಾಶವನ್ನು 2022ರಿಂದ ನಿಷೇಧಿಸತೊಡಗಿತು. ಯುರೋಪಿಯನ್ ಒಕ್ಕೂಟವು 2024ರಲ್ಲಿ ಮಾಡಿದ ಕಟ್ಟಳೆಯು, ದೊಡ್ಡ ಕಂಪನಿಗಳು ಮಾರಾಟವಾಗದ ಉಡುಪು ಪಾದರಕ್ಷೆಗಳನ್ನು 2026ರ ಜುಲೈ 19ರಿಂದ ನಾಶಮಾಡಕೂಡದೆಂದು ವಿಧಿಸಿದೆ. ಗ್ರಾಹಕರು ಹಿಂದಿರುಗಿಸಿದ ಮಾಲು ಕೂಡ ಅದರೊಳಗೆ ಬರುತ್ತದೆ.

ಹಾಗಾದರೆ ಹಿಂದಿರುಗಿದುದನ್ನು ಮತ್ತೆ ಮಾರುವುದು ತಪ್ಪೆ? ಖಂಡಿತ ಅಲ್ಲ, ನಾಶಕ್ಕಿಂತ ಮರುಮಾರಾಟವು ಸಾವಿರ ಪಾಲು ಮೇಲು. ತಪ್ಪಿರುವುದು ಮುಚ್ಚಿಡುವುದರಲ್ಲಿ. ನಮ್ಮ ಮುಂಬಯಿಯ ಚೋರ್ ಬಜಾರಿನ ಹೆಸರು ಏನೇ ಇರಲಿ, ಅಲ್ಲಿ ಹಳೆಯ ಗಡಿಯಾರವನ್ನು ಕೊಳ್ಳುವವನಿಗೆ ಅದು ಹಳೆಯದೆಂದು ತಿಳಿದಿರುತ್ತದೆ. ಆದರೆ ಒಬ್ಬರು ಬಿಚ್ಚಿ ಬಳಸಿದ ವಸ್ತುವನ್ನು ಹೊಸ ಪೆಟ್ಟಿಗೆಯಲ್ಲಿಟ್ಟು, ಹೊಸ ಬೆಲೆಗೆ ಇನ್ನೊಬ್ಬರಿಗೆ ಕಳುಹಿಸಿದರೆ ಅದು ವಂಚನೆಯೇ. 2020ರ ಜುಲೈಯಲ್ಲಿ ಜಾರಿಗೆ ಬಂದ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಬಳಸಿದ ಅಥವಾ ದುರಸ್ತಿಯಾದ ಸರಕನ್ನು ಹೊಸದೆಂದು ಸುಳ್ಳು ಹೇಳಿ ಮಾರುವುದನ್ನು ಅನ್ಯಾಯದ ವ್ಯಾಪಾರವೆಂದೇ ಪರಿಗಣಿಸುತ್ತದೆ. ಅಂತಹ ಮೋಸ ನಡೆದಾಗ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಬಹುದು. ಆದರೆ ದೂರು ಬರುವವರೆಗೆ ಕಾಯುವುದೇಕೆ? ಬಿಚ್ಚಿದ ಪ್ರತಿಯೊಂದು ಸರಕಿನ ಮೇಲೂ “ಇದು ಒಮ್ಮೆ ಹಿಂದಿರುಗಿದ್ದು” ಎಂಬ ಸ್ಪಷ್ಟವಾದ ಗುರುತಿರಬೇಕು. ಬೆಲೆಯೂ ಅದಕ್ಕೆ ತಕ್ಕಂತೆ ಇಳಿಯಬೇಕು. ಬಡವರ ಮಕ್ಕಳಿಗೆ ಒಳ್ಳೆಯ ವಸ್ತು ಕಡಮೆ ಕ್ರಯಕ್ಕೆ ದೊರೆಯುವ ದಾರಿಯೂ ಇದೇ.

ವಿದ್ಯಾರ್ಥಿ ಮಿತ್ರರೇ, ಸತ್ಯವನ್ನು ಕಂಪನಿಗಳಿಂದ ಮಾತ್ರ ಬಯಸಿದರೆ ಸಾಲದು. ಸ್ನೇಹಸಮ್ಮೇಳನದ ದಿನ ತೊಟ್ಟು ಮೆರೆದ ಉಡುಪನ್ನು, ಮರುದಿನ “ಅಳತೆ ಸರಿಯಿಲ್ಲ” ಎಂದು ಹಿಂದಿರುಗಿಸುವವನೂ ಹಳೆಯದನ್ನು ಹೊಸದೆಂದು ಮಾರುವವನೂ ಒಂದೇ ತಕ್ಕಡಿಯಲ್ಲಿ ತೂಗತಕ್ಕವರು. ಮೂರು ಅಳತೆಯ ಅಂಗಿಗಳನ್ನು ತರಿಸಿ ಎರಡನ್ನು ಮರಳಿಸುವ ಬದಲು, ಮೊದಲೇ ನೂಲುಪಟ್ಟಿ ಹಿಡಿದು ನಮ್ಮ ಅಳತೆ ತೆಗೆದುಕೊಳ್ಳುವುದು ಕಷ್ಟದ ಕೆಲಸವೇನಲ್ಲ. ದೋಷವಿದ್ದರೆ ನಿರ್ಭಯವಾಗಿ ಹಿಂದಿರುಗಿಸೋಣ. ಅದು ನಮ್ಮ ಹಕ್ಕು. ಚಾಪಲ್ಯಕ್ಕಾಗಿ ಕೊಂಡು, ಬೇಸರಕ್ಕಾಗಿ ಮರಳಿಸುವುದು ಹಕ್ಕಲ್ಲ. ಮಾರುವವನ ಮಾತೂ ಕೊಳ್ಳುವವನ ಮಾತೂ ನಿಜವಾದಾಗಲೇ ವ್ಯಾಪಾರಕ್ಕೆ ಮರ್ಯಾದೆ.