ಕೂಸಿಗೆ ಕಿವಿ ಕೇಳಿಸುತ್ತದೆಯೇ? ಯಾರೂ ಕೇಳದ ಪ್ರಶ್ನೆ

ದಾವಣಗೆರೆಯಲ್ಲಾಗಲಿ ಹರಿಹರದಲ್ಲಾಗಲಿ, ಒಂದು ಮನೆಯಲ್ಲಿ ಕೂಸು ಹುಟ್ಟಿತೆಂದರೆ ನೋಡಲು ಬಂದವರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತು. ಗಂಡೋ ಹೆಣ್ಣೋ? ತೂಕ ಎಷ್ಟು? ಹಾಲು ಕುಡೀತದಾ? ಯಾರ ಹೋಲಿಕೆ? ಆದರೆ ಕೂಸಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ಎಂದು ಕೇಳುವವರು ಬಲು ಅಪರೂಪ. ಯಾರಾದರೂ ಬಾಯಿ ತಪ್ಪಿ ಕೇಳಿದರೆ ‘ಬಿಡ್ತು ಅನ್ನು’ ಎಂದು ಗದರಿಸುವವರೇ ಹೆಚ್ಚು.

ಕೇಳಲೇಬೇಕಾದ ಪ್ರಶ್ನೆ ಅದು. ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹುಟ್ಟಿನಿಂದಲೇ ಶ್ರವಣದೋಷ ಇರುತ್ತದೆ ಎಂಬುದು ಲೋಕದ ತಜ್ಞರು ಒಪ್ಪಿರುವ ಲೆಕ್ಕ. ಹತ್ತು ಸಾವಿರ ಹೆರಿಗೆಗೆ ಹತ್ತರಿಂದ ಮೂವತ್ತು ಕೂಸು ಎಂದಾಯಿತು. ನೋಡಲು ಸಣ್ಣ ಸಂಖ್ಯೆ. ಆದರೆ ಆ ಮನೆಗಳ ಪಾಲಿಗೆ ನೂರಕ್ಕೆ ನೂರು. ಕುಂಟುವ ಮಗು ಕಣ್ಣಿಗೆ ಕಾಣುತ್ತದೆ, ಸೀಳುತುಟಿಯ ಮಗು ಕಾಣುತ್ತದೆ. ಕಿವಿ ಕೇಳದ ಮಗು ಮಾತ್ರ ಎಲ್ಲ ಮಕ್ಕಳ ಹಾಗೇ ಅಳುತ್ತದೆ, ನಗುತ್ತದೆ, ಮೈ ತುಂಬಿಕೊಂಡು ಬೆಳೆಯುತ್ತದೆ. ಮೋಸ ಇರುವುದೇ ಅಲ್ಲಿ.

ಅದರಪ್ಪನೂ ಹಂಗೇ!

ಮೊದಲು ಅನುಮಾನ ಬರುವುದು ತಾಯಿಗೆ. ಕುಕ್ಕರ್ ಸೀಟಿ ಹೊಡೆದರೂ ಮಲಗಿದ ಕೂಸು ಮಿಸುಕಲಿಲ್ಲ. ಹಿಂದಿನಿಂದ ಕೂಗಿದರೆ ತಿರುಗಲಿಲ್ಲ. ಮುಖ ಕಂಡರೆ ಮಾತ್ರ ನಗುತ್ತದೆ. ಅಂಜುತ್ತ ಅಂಜುತ್ತಲೇ ಅತ್ತೆಯ ಮುಂದೆ ಹೇಳುತ್ತಾಳೆ: ‘ಅತ್ತೀ, ಕೂಸಿಗೆ ಕಿವಿ ಕೇಳಸ್ತತೋ ಇಲ್ಲೋ ನೋಡ್ರಿ.’ ಬರುವ ಉತ್ತರವೂ ಗೊತ್ತಿರುವುದೇ: ‘ಸುಮ್ನಿರವ್ವಾ, ಅದರಪ್ಪನೂ ಮೂರು ವರ್ಷಕ್ಕೇ ಬಾಯಿ ಬಿಟ್ಟಿದ್ದು. ಗಂಡುಡುಗ್ರಿಗೆ ಮಾತು ತಡಾನೇ.’

ಆಮೇಲೆ ಓಣಿಯವರ ಸಲಹೆಗಳು ಶುರು. ಬಜೆ ತೇಯ್ದು ನೆಕ್ಕಿಸು. ನಾಲಿಗೆ ಕೆಳಗಿನ ನಾರು ಕೊಯ್ಸು. ಹರಿಹರೇಶ್ವರನಿಗೆ ಹರಕೆ ಹೊತ್ಕೋ. ಹರಕೆ ಹೊರುವುದು ಅವರವರ ಭಕ್ತಿಗೆ ಬಿಟ್ಟದ್ದು, ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ ಬಜೆ ನಾಲಿಗೆಗೆ ಹೋಗುತ್ತದೆಯೇ ಹೊರತು ಕಿವಿಗೆ ಹೋಗುವುದಿಲ್ಲ. ಕೇಳಿಸಿಕೊಳ್ಳದ ಮಗು ಮಾತು ಕಲಿಯುವುದು ಎಲ್ಲಿಂದ? ಕಾಯಿಲೆ ಒಂದು ಕಡೆ, ಔಷಧಿ ಇನ್ನೊಂದು ಕಡೆ. ಇದರಲ್ಲೇ ಎರಡು ವರ್ಷ ಹೋಗುತ್ತದೆ.

ಕೊನೆಗೆ ಯಾರೋ ಹಿರಿಯರು ಬಂದು ತಾಟು ಬಡಿಯುತ್ತಾರೆ. ಕೂಸು ತಿರುಗುತ್ತದೆ. ‘ನೋಡ್ದಾ, ಕೇಳ್ತು!’ ಎಂದು ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಆದರೆ ಕೂಸು ತಿರುಗಿದ್ದು ಕೈ ಬೀಸಿದ ಗಾಳಿಗಿರಬಹುದು, ಗೋಡೆಯ ಮೇಲಿನ ನೆರಳಿಗಿರಬಹುದು, ನೆಲ ಅದುರಿದ್ದಕ್ಕಿರಬಹುದು. ನಿಜವಾಗಿ ಕೇಳಿಸಿತೆಂದೇ ಇಟ್ಟುಕೊಳ್ಳಿ. ಡೊಳ್ಳಿನ ಸದ್ದು ಕೇಳಿಸಿಕೊಂಡ ಮಗುವಿಗೆ ಮಾತಿನೊಳಗಿನ ‘ಸ’ಕಾರ ‘ತ’ಕಾರ ಕೇಳಿಸದೇ ಹೋಗಬಹುದು. ಅರ್ಧ ಕೇಳಿಸುವ ಮಕ್ಕಳೇ ಹೀಗೆ ಹೆಚ್ಚು ತಡವಾಗಿ ಪತ್ತೆಯಾಗುವುದು. ಅಂಥ ಮಗುವಿಗೆ ಶಾಲೆಗೆ ಹೋದ ಮೇಲೆ ‘ದಡ್ಡ’, ‘ಹಟಮಾರಿ’ ಎಂಬ ಬಿರುದು ಬೇರೆ.

ಗಡಿಯಾರ ನಿಲ್ಲುವುದಿಲ್ಲ

ತಡವಾದರೆ ಏನು ಮಹಾ ನಷ್ಟ ಎಂದು ಕೇಳಬಹುದು. ನಷ್ಟ ದೊಡ್ಡದೇ. ಮೆದುಳು ಮಾತನ್ನು ಕಲಿಯಲು ಹಸಿದು ಕೂತಿರುವುದು ಮೊದಲ ಮೂರು ವರ್ಷ. ಆಗ ಕಿವಿಯ ದಾರಿಯಿಂದ ಏನೂ ಬರದಿದ್ದರೆ ಆ ಜಾಗವನ್ನು ಮೆದುಳು ಬೇರೆ ಕೆಲಸಕ್ಕೆ ಹಚ್ಚಿಬಿಡುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ 150 ಮಕ್ಕಳನ್ನು ನೋಡಿ 1998ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಹೇಳಿತು. ಆರು ತಿಂಗಳೊಳಗೆ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳು, ತಡವಾಗಿ ಪತ್ತೆಯಾದವರಿಗಿಂತ ಭಾಷೆಯಲ್ಲಿ ಎಷ್ಟೋ ಮುಂದಿದ್ದರು. ಹೀಗಾಗಿ ಲೋಕವೆಲ್ಲ ಈಗ ಒಂದು ಲೆಕ್ಕ ಇಟ್ಟುಕೊಂಡಿದೆ: ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ತೀರ್ಮಾನ, ಆರು ತಿಂಗಳೊಳಗೆ ಶ್ರವಣಯಂತ್ರ ಮತ್ತು ತರಬೇತಿ.

ಮನೆಯಲ್ಲೇ ಗಮನಿಸಲು ಕೆಲವು ಗುರುತುಗಳಿವೆ. ಹಸುಗೂಸು ದೊಡ್ಡ ಸದ್ದಿಗೆ ಬೆಚ್ಚಬೇಕು. ಆರು ತಿಂಗಳ ಹೊತ್ತಿಗೆ ಸದ್ದು ಬಂದ ಕಡೆ ತಿರುಗಬೇಕು. ಎಂಟು-ಒಂಬತ್ತು ತಿಂಗಳಿಗೆ ‘ಬಬಬ’, ‘ದದದ’ ಎಂದು ಸರಪಳಿ ಕಟ್ಟಬೇಕು. ವರ್ಷ ತುಂಬಿದ ಸುಮಾರಿಗೆ ಒಂದು ಮಾತು, ಎರಡು ವರ್ಷಕ್ಕೆ ಎರಡು ಮಾತು ಜೋಡಿಸಿ ಹೇಳಬೇಕು. ಒಂದು ವಿಷಯ ನೆನಪಿರಲಿ. ಕಿವುಡು ಕೂಸೂ ಮೊದಲ ಕೆಲವು ತಿಂಗಳು ‘ಊಂ ಆಂ’ ಎನ್ನುತ್ತದೆ. ಆಮೇಲೆ ಅದು ನಿಧಾನವಾಗಿ ಕಡಿಮೆಯಾಗುತ್ತದೆ. ‘ಮೊದ್ಲು ಚೆನ್ನಾಗೇ ಆಡ್ತಿತ್ತು, ದೃಷ್ಟಿ ಆತು’ ಎಂದು ಹೇಳುವ ಮನೆಗಳಲ್ಲಿ ಆಗಿರುವುದು ಎಷ್ಟೋ ಸಲ ಇದೇ.

ಐದು ನಿಮಿಷದ ಕೆಲಸ

ಪರೀಕ್ಷೆ ಎಂದರೆ ಸೂಜಿ ಚುಚ್ಚುವುದಲ್ಲ, ರಕ್ತ ತೆಗೆಯುವುದಲ್ಲ. ಮಲಗಿದ ಕೂಸಿನ ಕಿವಿಗೆ ಸಣ್ಣದೊಂದು ಬಿರಡೆ ಇಟ್ಟು ಟಿಕ್ ಟಿಕ್ ಸದ್ದು ಬಿಡುತ್ತಾರೆ. ಒಳಗಿವಿ ಚೆನ್ನಾಗಿದ್ದರೆ ಅದು ತಾನೇ ಒಂದು ಸಣ್ಣ ಮಾರ್ದನಿ ಕೊಡುತ್ತದೆ. ಆ ಮಾರ್ದನಿಯನ್ನು ಯಂತ್ರ ಹಿಡಿಯುತ್ತದೆ. ಇದಕ್ಕೆ ಓ.ಎ.ಇ. ಪರೀಕ್ಷೆ ಎನ್ನುತ್ತಾರೆ. ಒಳಗಿವಿ ಹೀಗೆ ಮಾರ್ದನಿ ಕೊಡುತ್ತದೆಂದು 1978ರಲ್ಲಿ ತೋರಿಸಿಕೊಟ್ಟವರು ಇಂಗ್ಲೆಂಡಿನ ಡೇವಿಡ್ ಕೆಂಪ್. ಕೂಸು ಸುಮ್ಮನೆ ಮಲಗಿದ್ದರೆ ಐದು ನಿಮಿಷದ ಕೆಲಸ.

ಮೊದಲ ಸಲ ‘ಫೇಲ್’ ಎಂದು ಬಂದ ಕೂಡಲೇ ಅಪ್ಪ-ಅಮ್ಮ ಎದೆ ಒಡೆದುಕೊಳ್ಳಬೇಕಿಲ್ಲ. ಹುಟ್ಟಿದ ಒಂದೆರಡು ದಿನ ಕಿವಿಯೊಳಗೆ ನೀರು, ಕೊಳೆ ಉಳಿದಿರುವುದುಂಟು. ಅದಕ್ಕೇ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡುತ್ತಾರೆ. ಆಗಲೂ ಬಾರದಿದ್ದರೆ ತಲೆಗೆ ಸಣ್ಣ ತಂತಿಗಳನ್ನು ಅಂಟಿಸಿ ಮಾಡುವ ಬೆರಾ ಪರೀಕ್ಷೆ. ಸದ್ದು ನರದ ಮೂಲಕ ಮೆದುಳಿನ ಕಡೆಗೆ ಹೋಗುತ್ತಿದೆಯೇ ಎಂದು ಅದು ತೋರಿಸುತ್ತದೆ. ಕಾಮಾಲೆ ವಿಪರೀತ ಏರಿದ ಕೂಸು, ತೀರಾ ತೂಕ ಕಡಿಮೆ ಇದ್ದ ಕೂಸು, ಐ.ಸಿ.ಯು.ನಲ್ಲಿ ದಿನಗಟ್ಟಲೆ ಇದ್ದ ಕೂಸು - ಇವಕ್ಕೆ ಮೊದಲ ಪರೀಕ್ಷೆ ಪಾಸಾದರೂ ಬೆರಾ ಮಾಡಿಸುವುದೇ ಕ್ಷೇಮ. ಹುಟ್ಟಿದಾಗ ಪಾಸಾದ ಮಗುವಿಗೂ ಮುಂದೆ ಮೆದುಳುಜ್ವರ, ದಡಾರ, ಮಂಗನಬಾವುಗಳಿಂದ ಕಿವಿ ಹೋಗಬಹುದು. ಪಾಸಾಯಿತೆಂದು ಜೀವಮಾನಕ್ಕೆ ಗ್ಯಾರಂಟಿ ಕಾರ್ಡ್ ಸಿಕ್ಕ ಹಾಗಲ್ಲ.

ತಪ್ಪು ಯಾರದು?

ಮಗು ಕಿವುಡು ಎಂದು ಗೊತ್ತಾದ ದಿನ ಮನೆಯಲ್ಲಿ ಪಂಚಾಯಿತಿ ಸೇರುತ್ತದೆ. ಸೊಸೆ ಗ್ರಹಣ ನೋಡಿದಳು, ಸೊಸೆ ಏನೋ ತಿಂದಳು. ತಪ್ಪೆಲ್ಲ ಅವಳ ಸೆರಗಿಗೆ. ವಿಜ್ಞಾನ ಬೇರೆ ಮಾತು ಹೇಳುತ್ತದೆ. ಹುಟ್ಟುಗಿವುಡಿನಲ್ಲಿ ಅರ್ಧಕ್ಕೂ ಹೆಚ್ಚು ವಂಶವಾಹಿಯಿಂದ ಬರುವಂಥದು. ಅದರಲ್ಲೂ ಬಹುಪಾಲು ತಂದೆ-ತಾಯಿ ಇಬ್ಬರಿಂದಲೂ ಬಂದು ಸೇರಿದಾಗ ಮಾತ್ರ ತೋರುವಂಥದು. ಇಬ್ಬರ ಕಿವಿಯೂ ಚೆನ್ನಾಗಿರುತ್ತದೆ, ಮಗುವಿಗೆ ಮಾತ್ರ ಕೇಳಿಸುವುದಿಲ್ಲ. ಸೋದರಮಾವನಿಗೋ ಅತ್ತೆ ಮಗನಿಗೋ ಕೊಟ್ಟು ತರುವ ಮದುವೆಗಳಲ್ಲಿ ಈ ಸಂಭವ ಹೆಚ್ಚು. ಕರ್ನಾಟಕದಲ್ಲಿ ಸುಮಾರು ಕಾಲುಭಾಗ ಮದುವೆಗಳು ರಕ್ತಸಂಬಂಧದಲ್ಲೇ ಆಗುತ್ತವೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತೋರಿಸಿದೆ. ಸಂಬಂಧದಲ್ಲಿ ಮದುವೆಯಾದವರಿಗೆಲ್ಲ ಕಿವುಡು ಮಕ್ಕಳು ಹುಟ್ಟುತ್ತವೆ ಎಂದು ಇದರ ಅರ್ಥವಲ್ಲ. ಅಂಥ ಮನೆಗಳಲ್ಲಿ ಪರೀಕ್ಷೆ ತಪ್ಪಿಸಬಾರದು ಎಂದಷ್ಟೇ.

ತಡೆಯಬಹುದಾದದ್ದೂ ಬೇಕಾದಷ್ಟಿದೆ. ಮಕ್ಕಳ ಶ್ರವಣದೋಷದಲ್ಲಿ ನೂರಕ್ಕೆ ಅರವತ್ತು ಪಾಲು ತಡೆಯಬಹುದಾದ ಕಾರಣಗಳಿಂದಲೇ ಆಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಗೆ ರುಬೆಲ್ಲಾ ತಗುಲಿದರೆ ಹೊಟ್ಟೆಯಲ್ಲಿರುವ ಕೂಸಿನ ಕಿವಿಗೆ ಕುತ್ತು. 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆ ಆಂದೋಲನ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಲಸಿಕೆಯನ್ನು ತಪ್ಪಿಸಬಾರದು. ಇನ್ನು ಮನೆಯ ಅಭ್ಯಾಸಗಳು. ಎರೆಯುವಾಗ ಕೂಸಿನ ಕಿವಿಗೆ ಎಣ್ಣೆ ಬಿಡುವುದು, ಬಾಯಿಂದ ಊದುವುದು, ಹೇರ್‌ಪಿನ್ ಹಾಕಿ ಕೆದಕುವುದು ನಿಲ್ಲಬೇಕು. ಕಿವಿ ಸೋರಿದರೆ ‘ಹಲ್ಲು ಬರೋ ಹೊತ್ತು, ಹಂಗೇ’ ಎಂದು ಬಿಡದೆ ವೈದ್ಯರಿಗೆ ತೋರಿಸಬೇಕು.

ದುಡ್ಡಿದೆ, ದಾರಿ ಗೊತ್ತಿಲ್ಲ

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. ಕಿವುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 2007ರ ಹೊತ್ತಿಗೇ ಶುರುವಾಯಿತು. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ 30 ತೊಂದರೆಗಳ ಪಟ್ಟಿಯಲ್ಲಿ ಹುಟ್ಟುಗಿವುಡೂ ಸೇರಿದೆ. ಶ್ರವಣಯಂತ್ರದಿಂದ ಪ್ರಯೋಜನವಾಗದ ಮಕ್ಕಳಿಗೆ ಒಳಗಿವಿಗೆ ತಂತಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಇದೆ. ಕೇಂದ್ರದ ಎ.ಡಿ.ಐ.ಪಿ. ಯೋಜನೆಗೆ ಇದನ್ನು 2014ರಲ್ಲಿ ಸೇರಿಸಿದಾಗ ಒಂದು ಮಗುವಿಗೆ 6 ಲಕ್ಷ ರೂಪಾಯಿ ಮಿತಿ ಇತ್ತು, ಆಮೇಲೆ ಅದು ಏರಿದೆ. ರಾಜ್ಯದಲ್ಲಿ ಆರು ವರ್ಷದೊಳಗಿನವರಿಗೆ ಶ್ರವಣ ಸಂಜೀವಿನಿ ಯೋಜನೆ ಇದೆ. ಮೈಸೂರಿನಲ್ಲಿ 1965ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೇಶದ ಮೂಲೆಮೂಲೆಯಿಂದ ಜನ ಅಲ್ಲಿಗೆ ಬರುತ್ತಾರೆ.

ಆದರೆ ಈ ಎಲ್ಲ ಯೋಜನೆಗಳಿಗೂ ವಯಸ್ಸಿನ ಬೇಲಿ ಇದೆ. ನಾಲ್ಕು ವರ್ಷದವರೆಗೆ ‘ಇವತ್ತು ಮಾತಾಡ್ತಾನೆ, ನಾಳೆ ಮಾತಾಡ್ತಾನೆ’ ಎಂದು ಕಾದು, ಆಮೇಲೆ ಆದಾಯದ ಸರ್ಟಿಫಿಕೇಟು, ಯು.ಡಿ.ಐ.ಡಿ. ಕಾರ್ಡು ಎಂದು ಓಡಾಡುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಬಾಗಿಲು ತೆರೆದಿದ್ದರೂ ಫಲ ಕಮ್ಮಿ. ಆಪರೇಷನ್ ಆದ ಮಾತ್ರಕ್ಕೆ ಮಗು ಮರುದಿನ ಮಾತಾಡುವುದಿಲ್ಲ. ವರ್ಷಗಟ್ಟಲೆ ಸ್ಪೀಚ್ ಥೆರಪಿ ಬೇಕು. ಎ.ಪಿ.ಎಂ.ಸಿ. ಯಾರ್ಡಿನ ಹಮಾಲಿಗೋ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವನಿಗೋ ವಾರಕ್ಕೆರಡು ದಿನ ಕೂಲಿ ಬಿಡುವುದೆಂದರೆ ಒಲೆಯ ಪ್ರಶ್ನೆ. ಮೈಸೂರು ಇಲ್ಲಿಂದ ಒಂದು ರಾತ್ರಿಯ ರೈಲು ಪ್ರಯಾಣ. ತಪಾಸಣೆಗೆ ಒಮ್ಮೆ ಹೋಗಿ ಬರಬಹುದು, ವಾರ ವಾರ ಹೋಗಲಾಗುವುದಿಲ್ಲ. ಥೆರಪಿ ಊರಲ್ಲೇ ಸಿಗಬೇಕು. ಇಂಪ್ಲಾಂಟ್ ಆಗದ ಅಥವಾ ಬೇಡವೆನ್ನುವ ಮನೆಗಳಿಗೆ ಸನ್ನೆಭಾಷೆ ಕಲಿಸುವವರೂ ಸಿಗಬೇಕು. ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಯಾವ ಭಾಷೆಯೂ ಇಲ್ಲದೆ ಮಗು ಬೆಳೆಯುವುದು ನಿಜವಾದ ಅನಾಹುತ.

ತವರು ಮತ್ತು ಹೊಳೆ

ದಾವಣಗೆರೆಗೆ ಆಸ್ಪತ್ರೆಗಳ ಬರವಿಲ್ಲ. ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬಾಪೂಜಿ ಆಸ್ಪತ್ರೆ, ಎರಡು ಮೆಡಿಕಲ್ ಕಾಲೇಜು. ಮಿಲ್ಲುಗಳ ಊರು ಈಗ ಡಾಕ್ಟರುಗಳ ಊರಾಗಿದೆ. ಆದರೂ ಕೂಸು ಕೈತಪ್ಪಿ ಹೋಗುವುದು ಎಲ್ಲಿ? ಒಂದು, ತವರಿನಲ್ಲಿ. ಹೆರಿಗೆ ಹರಿಹರದಲ್ಲಿ, ಬಾಣಂತನ ಹಳ್ಳಿಯ ತವರಲ್ಲಿ, ಐದನೇ ತಿಂಗಳಿಗೆ ಗಂಡನ ಮನೆ ಇನ್ನೆಲ್ಲೋ. ‘ತಿಂಗಳು ಬಿಟ್ಟು ತೋರ್ಸಿ’ ಎಂದ ಚೀಟಿ ತೊಟ್ಟಿಲ ಕೆಳಗೇ ಉಳಿಯುತ್ತದೆ. ಇನ್ನೊಂದು, ಹೊಳೆ. ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದವರಿಗೆ ಪೇಟೆ, ಆಸ್ಪತ್ರೆ ಎಲ್ಲ ಹರಿಹರ. ಸರ್ಕಾರದ ಲೆಕ್ಕದಲ್ಲಿ ಮಾತ್ರ ಅವರು ಹಾವೇರಿ ಜಿಲ್ಲೆ. ಇಲ್ಲಿ ಹುಟ್ಟಿದ ಕೂಸನ್ನು ಅಲ್ಲಿಯ ಆಶಾ ಕಾರ್ಯಕರ್ತೆ ಹುಡುಕಬೇಕು.

ದಾರಿ ಇಲ್ಲದಿಲ್ಲ. ಕೇರಳದ ಎರ್ನಾಕುಲಂನಲ್ಲಿ 2003ರಿಂದ ಮಕ್ಕಳ ವೈದ್ಯರು ಒಂದು ಉಪಾಯ ನಡೆಸಿ ತೋರಿಸಿದ್ದಾರೆ. ಪ್ರತಿ ಆಸ್ಪತ್ರೆಗೂ ಯಂತ್ರ ಕೊಳ್ಳುವ ಬದಲು, ಯಂತ್ರವನ್ನೂ ತರಬೇತಿಯಾದವರನ್ನೂ ಒಂದೇ ಕೇಂದ್ರದಿಂದ ಗೊತ್ತಾದ ದಿನಗಳಲ್ಲಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಕಳಿಸುವುದು. ಹರಿಹರಕ್ಕೂ ದಾವಣಗೆರೆಗೂ ನಡುವೆ ಇರುವುದು ಹದಿನಾಲ್ಕು ಕಿಲೋಮೀಟರು. ಸೋಮವಾರ ಇಲ್ಲಿ, ಮಂಗಳವಾರ ಅಲ್ಲಿ ಎಂದು ಸರದಿ ಹಾಕಿದರೆ ಎರಡೂ ಊರಿನ ಸರ್ಕಾರಿ, ಖಾಸಗಿ ಹೆರಿಗೆ ಮನೆಗಳನ್ನು ಸುತ್ತಿ ಬರಬಹುದು. ಅದಕ್ಕೆ ಕೋಟಿಗಳು ಬೇಡ, ಕೂತು ಮಾತಾಡುವ ಮನಸ್ಸು ಬೇಕು.

ಜಿಲ್ಲಾ ಆರೋಗ್ಯ ಇಲಾಖೆ, ಮೆಡಿಕಲ್ ಕಾಲೇಜುಗಳು, ಖಾಸಗಿ ನರ್ಸಿಂಗ್ ಹೋಮಿನವರು ಒಂದು ಮೇಜಿನ ಸುತ್ತ ಸೇರಲಿ. ಡಿಸ್ಚಾರ್ಜ್ ಚೀಟಿಯಲ್ಲಿ ತೂಕ, ಲಸಿಕೆಯ ಜೊತೆಗೆ ‘ಕಿವಿ ಪರೀಕ್ಷೆ ಆಗಿದೆ / ಆಗಿಲ್ಲ’ ಎಂಬ ಒಂದು ಸಾಲು ಕಡ್ಡಾಯವಾಗಲಿ. ಎಷ್ಟು ಕೂಸು ಹುಟ್ಟಿದವು, ಎಷ್ಟಕ್ಕೆ ಪರೀಕ್ಷೆಯಾಯಿತು, ಮರುತಪಾಸಣೆಗೆ ಬಾರದವರು ಎಷ್ಟು ಎಂಬ ಲೆಕ್ಕ ತಿಂಗಳು ತಿಂಗಳು ಹೊರಬೀಳಲಿ. ಹೊಳೆಯ ಆಚೆಯ ಕೂಸುಗಳ ಹೆಸರು ಹಾವೇರಿಗೆ ತಪ್ಪದೆ ತಲುಪಲಿ.

ಅಲ್ಲಿಯವರೆಗೆ ಕೈಕಟ್ಟಿ ಕೂರದೆ, ಬಾಣಂತಿಯನ್ನು ಕರೆದುಕೊಂಡು ಮನೆಗೆ ಹೊರಡುವ ಮೊದಲು ಅಪ್ಪನೋ ಅಜ್ಜಿಯೋ ಬಾಯಿ ಬಿಟ್ಟು ಕೇಳಲಿ: ‘ನಮ್ಮ ಕೂಸಿನ ಕಿವಿ ನೋಡಿದ್ರೇನ್ರೀ?’ ನಾಲ್ಕು ಜನ ದಿನಾ ಕೇಳತೊಡಗಿದರೆ ಆಸ್ಪತ್ರೆಯವರಿಗೂ ಉತ್ತರ ಸಿದ್ಧ ಮಾಡಿಕೊಳ್ಳದೆ ಗತಿಯಿರುವುದಿಲ್ಲ.